ಮಾವನ ಕೋಣೆಗೆ ಬಂದ ವೈಫೈ

ವೈಫೈ ಹಾಕಲು ಬಂದವನು ಹದಿನೈದು ನಿಮಿಷದಲ್ಲಿ ಕೆಲಸ ಮುಗಿಸಿದ. ತಂತಿ ಒಳಗೆ ಬಂದದ್ದು ಮುಂಬಾಗಿಲ ಪಕ್ಕದಿಂದ. ಹಾಗಾಗಿ ರೂಟರನ್ನೂ ಅಲ್ಲೇ ಚಪ್ಪಲಿ ಗೂಡಿನ ಮೇಲೆ ಕೂರಿಸಿ, ಪಾಸ್‌ವರ್ಡ್ ಬರೆದುಕೊಟ್ಟು, "ಆರಾಮಾಗಿ ಬಳಸಿ ಮೇಡಂ" ಎಂದು ಹೊರಟುಹೋದ.

ಆ ಮನೆಯ ಸೊಸೆ ಸನ್ನೆಭಾಷೆಯ ಟೀಚರ್. ಕಿವಿ ಕೇಳದ ಮಕ್ಕಳ ಅಪ್ಪ ಅಮ್ಮಂದಿರು ಏಳು ಜನ, ಬೇರೆ ಬೇರೆ ಊರಿನವರು, ಅಂದು ನಾಲ್ಕು ಗಂಟೆಗೆ ಆನ್‌ಲೈನ್‌ನಲ್ಲಿ ಮೊದಲ ಪಾಠಕ್ಕೆ ಕೂತಿದ್ದರು. ಎಲ್ಲರ ಮೈಕೂ ಬಂದ್, ಮಾತಾಡುವುದೆಲ್ಲ ಕೈಯಲ್ಲೇ. ಸೊಸೆ ಹಿಂದಿನ ಕೋಣೆಯಲ್ಲಿ ಕೂತು "ಬನ್ನಿ" ಅನ್ನುವುದನ್ನು ತೋರಿಸುತ್ತಿದ್ದಳು. ಕೈ ಮುಂದೆ ಚಾಚಿದ್ದೇ ತಡ, ತನ್ನತ್ತ ಎಳೆದುಕೊಳ್ಳುವ ಮೊದಲೇ ಚಿತ್ರ ಗಕ್ಕನೆ ನಿಂತುಬಿಟ್ಟಿತು. ನಿಮಿಷಗಟ್ಟಲೆ ಅಲುಗಲೇ ಇಲ್ಲ. ಕೊನೆಗೆ ಫೋನಿಗೆ ಒಂದು ಸಂದೇಶ ಬಂತು: "ಟೀಚರ್, ನಮ್ಮನ್ನ ಹೋಗಿ ಅಂತಿದೀರಾ? ಇಬ್ಬರು ಹೋಗೇಬಿಟ್ರು."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಐದಕ್ಕೆ ಮತ್ತೆ ಸೇರೋಣ ಎಂದು ಎಲ್ಲರಿಗೂ ತಿಳಿಸಿ, ವೈಫೈಯವನಿಗೆ ಫೋನ್ ಮಾಡಿದಳು.

"ಗೋಡೆ ದಪ್ಪ ಮೇಡಂ. ರೂಟರ್ ಮನೆ ಮಧ್ಯದಲ್ಲಿಡಿ. ಡಬ್ಬದಲ್ಲಿ ಉದ್ದದ ವೈರ್ ಇದೆ, ನೀವೇ ಹಾಕ್ಕೋಬಹುದು."

ಮನೆಯ ಮಧ್ಯ ಎಂದರೆ ಮಾವನ ಕೋಣೆ. ಮಾವ ವಾಚ್ ರಿಪೇರಿ ಮಾಡುವವರು. ಎಳ್ಳಿಗಿಂತ ಸಣ್ಣ ಸ್ಕ್ರೂ ಎಲ್ಲಿ ಕಳೆದುಹೋಗುತ್ತದೋ ಎಂದು ಅಲ್ಲಿಗೆ ಪೊರಕೆಯನ್ನೂ ಬಿಡುತ್ತಿರಲಿಲ್ಲ. ಸೊಸೆ ಹೊಸ್ತಿಲಲ್ಲೇ ನಿಂತಳು.

"ಎಷ್ಟು ಹೊತ್ತಮ್ಮ ಹಾಗೇ ನಿಂತಿರ್ತೀಯ? ಅದೇನು ಹೇಳು," ಎಂದರು ಮಾವ, ಕಣ್ಣಿಗೆ ಕಟ್ಟಿಕೊಂಡಿದ್ದ ಭೂತಗಾಜು ತೆಗೆಯದೆ.

ಅವಳು ಹೇಳಿದಳು. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಪಾಠಕ್ಕೆ ಬಂದೋರನ್ನೇ ಓಡಿಸಿಬಿಟ್ಯಾ! ತಗೊಂಬಾ ಆ ಡಬ್ಬಿ. ನನ್ನ ಟೇಬಲ್ ಮಾತ್ರ ಮುಟ್ಟಬೇಡ."

ವೈರನ್ನು ಗೋಡೆಯಂಚಿಗೆ ಎಳೆದು ತಂದರು. ರೂಟರನ್ನು ಬೀರುವಿನ ಮೇಲಿಟ್ಟರೆ ಸಿಗ್ನಲ್ ಮೊದಲಿಗಿಂತ ಅಧ್ವಾನ. ಕಿಟಕಿಯಲ್ಲಿ ಪರವಾಗಿಲ್ಲ ಅನ್ನುವಷ್ಟು. ಎರಡೂ ಕೋಣೆಯ ಬಾಗಿಲು ಎದುರುಬದುರು. ಸೊಸೆ ಹಿಂದಿನ ಕೋಣೆಯಲ್ಲಿ ಫೋನ್ ನೋಡುತ್ತ ಕೈಯಲ್ಲೇ ತೋರಿಸಿದಳು: ಮೇಲೆ, ಎಡಕ್ಕೆ, ಇನ್ನೊಂಚೂರು. ಮಾವ ಗಡಿಯಾರದ ಮುಳ್ಳು ಸರಿಸುವವರಂತೆ ರೂಟರನ್ನು ಬೆರಳಗಲ, ಬೆರಳಗಲ ಸರಿಸಿದರು. ಗೋಡೆಯ ಮರದ ಹಲಗೆಗೆ ಬಂದಾಗ ಅವಳು ಎರಡೂ ಕೈ ಮೇಲೆತ್ತಿದಳು. ಆ ಹಲಗೆಯ ಮೇಲೆ ಹನ್ನೆರಡು ವರ್ಷದ ಹಳೇ ವಾಚ್ ಪಟ್ಟಿಗಳಿದ್ದವು. ಮಾವ ತಾವೇ ಅವನ್ನೆಲ್ಲ ಇಳಿಸಿ ಮಂಚದ ಕೆಳಗೆ ತಳ್ಳಿದರು.

ಐದು ಗಂಟೆಯ ಪಾಠಕ್ಕೆ ಏಳೂ ಜನ ಬಂದರು. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ಮಾವನೂ ಗಾಜನ್ನು ಹಣೆಗೇರಿಸಿಕೊಂಡು ಬಂದು ಸೊಸೆಯ ಹಿಂದೆ ನಿಂತು ನೋಡಿದರು. ಪಾಠ ಮುಗಿದು ಮೈಕ್ ಹಾಕಿದಾಗ ಒಬ್ಬಾಕೆ ಕೇಳಿದಳು: "ಟೀಚರ್, ಹಿಂದೆ ನಿಂತಿದಾರಲ್ಲ, ಹಣೆ ಮೇಲೆ ಗಾಜು, ಅವ್ರು ವಾಚ್ ರಿಪೇರಿಯೋರಾ? ನಂದು ನಿಂತುಹೋಗಿದೆ."

ಮಾವ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. "ಹತ್ರ ಹಿಡಿ ನೋಡೋಣ. ಹಳೇ ಕಾಲದ್ದಲ್ವೇನಮ್ಮ ಇದು! ಕೀ ಕೊಟ್ಟು ಎಷ್ಟು ದಿನ ಆಯ್ತು?"

"ಅಯ್ಯೋ, ಇದಕ್ಕೆ ಕೀ ಬೇರೆ ಕೊಡ್ಬೇಕಾ?"

ಉಳಿದವರೆಲ್ಲ ಗೊಳ್ಳೆಂದು ನಕ್ಕರು. ಮಾವ ನಗಲಿಲ್ಲ. ತಮ್ಮ ಕೈಯ ವಾಚು ಬಿಚ್ಚಿ, ಎಷ್ಟು ಸುತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂದು ನಿಧಾನವಾಗಿ ತೋರಿಸತೊಡಗಿದರು. ಏಳೂ ಜನ ಮಿಸುಕಾಡದೆ ನೋಡಿದರು. ಸೊಸೆ ಪಕ್ಕದಲ್ಲಿ ನೆಲದ ಮೇಲೆ ಕೂತು, ಕಾಲು ಚಾಚಿ, ಆ ದಿನ ಮೊದಲ ಬಾರಿಗೆ ನೆಮ್ಮದಿಯಾಗಿ ಉಸಿರುಬಿಟ್ಟಳು.