ನೋವಿನ ನಡಿಗೆ

"ನೋವಿಗೂ ಕಾಲಿರ್ತಾವೇನಪ್ಪಾ?"

ಶಿಕಾರಿಪುರದ ಆಸ್ಪತ್ರೆಯೊಂದರಲ್ಲಿ ಬೋರಲು ಮಲಗಿದ್ದ ಹುಲಿಯಮ್ಮ ಯಾರನ್ನೂ ಕೇಳಿದ್ದಲ್ಲ. ಮಾತು ಮುಖದಡಿಯ ದಿಂಬಿನಲ್ಲೇ ಹೂತುಹೋಯಿತು. ಕುಪ್ಪಗಡ್ಡೆಯ ಕಡೆಯ ಅಕ್ಕಿ ಗಿರಣಿಯಲ್ಲಿ ಪೇರಿಸಿಟ್ಟ ಮೂಟೆಗಳ ಅಟ್ಟಿಯಿಂದ ಚೀಲವೊಂದು ಉರುಳಿ ಅವಳ ಬೆನ್ನ ಮೇಲೆ ಬಿದ್ದು ನಾಲ್ಕು ತಿಂಗಳು. ಎಕ್ಸ್‌ರೇಯಲ್ಲಿ ಏನೂ ಕಾಣದ್ದರಿಂದ ಗಿರಣಿಯ ಮೇಸ್ತ್ರಿ ಭೀಮಣ್ಣನ ಬಾಯಲ್ಲಿ ಅವಳು ನಾಟಕದವಳು. ನೋವು ನಿಜವೆಂದು ಡಾಕ್ಟರು ಬರೆದುಕೊಟ್ಟರೆ ಕೂತು ಅಕ್ಕಿ ಆರಿಸುವ ಕೆಲಸ; ಇಲ್ಲವಾದರೆ ಸೋಮವಾರದಿಂದ ಮತ್ತೆ ಭತ್ತದ ಮಂಕರಿ ಹೊರಬೇಕು. ಅದನ್ನು ನೋಡಲೆಂದೇ ಭೀಮಣ್ಣ ಪರದೆಯಾಚೆ ಕೂತಿದ್ದ.

ಡಾಕ್ಟರ್ ಶರಣ್ಯ ಟೇಪು ಹಿಡಿದು ಬೆನ್ನ ಮೇಲೆ ಎರಡು ಗುರುತು ಹಾಕಿದರು, ಕತ್ತಿನ ಕೆಳಗೊಂದು, ಸೊಂಟದ ಬಳಿಯೊಂದು. ತಲೆಗೆ ತಂತಿ ಅಂಟಿಸಿದರು.

"ಬೆಳಕಿಂದ ಚುರುಕ್ ಅನ್ನಿಸ್ತೀನಿ ಅಮ್ಮಾ. ಆ ಉರಿ ಮೇಲಿನ ಗುರುತಿಂದ ಎಷ್ಟು ಹೊತ್ತಿಗೆ ತಲೆ ಮುಟ್ತು, ಕೆಳಗಿನದ್ರಿಂದ ಎಷ್ಟು ಹೊತ್ತಿಗೆ, ಯಂತ್ರ ಅಳೀತದೆ. ಉರಿ ಗೊತ್ತಾದ ಕೂಡ್ಲೇ ನೀವು ಈ ಗುಂಡಿ ಒತ್ತಿ."

ಯಂತ್ರ ಟಕ್ಕೆಂದಿತು. ಗುಂಡಿಯ ಸದ್ದು ಮಾತ್ರ ಎರಡು ಉಸಿರು ಕಳೆದು ಬಂತು. ಪ್ರತಿ ಸಲವೂ ಅಷ್ಟೇ ತಡ.

"ನೋಡ್ರೀ ಡಾಕ್ಟ್ರೇ!" ಭೀಮಣ್ಣ ನಕ್ಕ. "ಈಕಿ ಉರಿ ಸೊರಬದಾಗೆ ಬಸ್ ಕಾಯಾಕತ್ತೈತಿ!"

ಶರಣ್ಯ ಬಗ್ಗಿ ಕೇಳಿದರು. "ಯಾಕಮ್ಮಾ ತಡ?"

"ಮನಸ್ಸಲ್ಲೇ ಪದ್ಯ ಹೇಳ್ಕೊಳ್ತಿದ್ದೆ ಡಾಕ್ಟ್ರಮ್ಮಾ. ನಮ್ಮಪ್ಪ ಗುಡೀಲಿ ಪುರಾಣ ಓದುವಾಗ ನಡುವೆ ಕೆಮ್ಮಿದ್ರೂ ಗದರೋನು. ಸಾಲು ಮುಗಿಸಿ ಒತ್ತಿದೆ."

ಶರಣ್ಯರಿಗೆ ನಗು ತಡೆಯಲಾಗಲಿಲ್ಲ. "ಗುಂಡಿ ಇರೋದು ನಿಮಗೆ ಉರಿ ತಿಳೀತಾ ಅನ್ನೋದಕ್ಕೆ. ಅಳತೆ ತಲೆಯ ತಂತಿದು. ಅದು ಪದ್ಯ ಮುಗೀಲಿ ಅಂತ ಕಾಯಲ್ಲ."

ಅರ್ಧ ಗಂಟೆಯಲ್ಲಿ ಕಾಗದ ಹೊರಬಂತು.

"ಗಟ್ಟಿಯಿರೋ ಬೆನ್ನುಹುರೀಲಿ ಈ ಉರಿ ಸೆಕೆಂಡಿಗೆ ಹತ್ತು ಮೀಟರಿನ ಆಸುಪಾಸು ಓಡ್ತದೆ. ಇವರದು ಮೂರೇ. ಹುರಿಗೆ ಪೆಟ್ಟಾಗಿದೆ. ಭಾರ ಹೊರೋ ಹಾಗಿಲ್ಲ."

ಶರಣ್ಯ ಅದನ್ನೇ ಬರೆದು ರಿಪೋರ್ಟನ್ನು ಹುಲಿಯಮ್ಮನ ಕೈಗೆ ಕೊಟ್ಟರು. ಹೊರಗೆ ಬಂದ ಮೇಲೆ ಭೀಮಣ್ಣ ಜೇಬಿನಿಂದ ಮಡಿಚಿದ ಹಾಳೆ ತೆಗೆದ.

"ಹುಲಿಯಮ್ಮಕ್ಕಾ, ಬೆನ್ನು ಸರಿಯಾಗೈತಿ ಅಂತ ಬರ್ಕೊಂಡು ಬಂದೀನಿ. ಒಂದು ಸಹಿ ಹಾಕು. ಆ ರಿಪೋರ್ಟು ನನ್ ಕೈಯಾಗಿರ್ಲಿ. ಇಲ್ಲಾಂದ್ರೆ ಗಿರಣಿ ಬಾಗ್ಲು ನಿಂಗೆ—"

ಎದುರಿನವರ ಮಾತು ಮುಗಿಯುವ ತನಕ ಜೀವಮಾನದಲ್ಲಿ ತುಟಿ ಬಿಚ್ಚದವಳು, ಅವನ ಸಾಲನ್ನು ಅರ್ಧಕ್ಕೇ ಕಡಿದಳು.

"ಹಾಕಲ್ಲ ಕಣೋ ಭೀಮಣ್ಣ. ಇದನ್ನ ಕೊಡೋದೂ ಇಲ್ಲ."