ಒಂದು ಬಿಟ್ಟು ಒಂದು

ಮೈದುನ ಪಟ ಕದಿಯುತ್ತಿದ್ದಾನೆ ಎಂಬ ಅನುಮಾನ ಅತ್ತಿಗೆಯ ತಲೆ ಹೊಕ್ಕಿತು. ಹೊಕ್ಕ ಮೇಲೆ ಅದು ಸುಮ್ಮನೆ ಕೂರುವ ಜಾತಿಯದಲ್ಲ.

ಗಂಡ ತೀರಿಕೊಂಡ ಮೇಲೆ ಫೋಟೋ ಸ್ಟುಡಿಯೋವನ್ನು ಇವರಿಬ್ಬರೇ ನಡೆಸುತ್ತಿದ್ದರು. ಈಗ ಸಿಕ್ಕಿದ್ದು ದೊಡ್ಡ ಕೆಲಸ. ಹೊಸ ಸೇತುವೆಯ ಮೇಲಿನ ಎರಡು ಗಂಟೆಯ ಓಡಾಟವನ್ನು ಎದುರಿನ ತಾರಸಿಯಿಂದ ತೆಗೆದು, ಅರ್ಧ ನಿಮಿಷದ ವಿಡಿಯೋ ಮಾಡಿಕೊಡಬೇಕು. ಲೆನ್ಸಿಗೆ ಕಪ್ಪು ಗಾಜು ಹಾಕಿ, ಒಂದೊಂದು ಪಟಕ್ಕೂ ಎಂಟು ಸೆಕೆಂಡು ಬೆಳಕು ಬಿಟ್ಟರೆ ವಾಹನಗಳೆಲ್ಲ ನೀರಿನ ಹಾಗೆ ಹರಿಯುತ್ತವೆ. ಹತ್ತು ಸೆಕೆಂಡಿಗೊಂದು ಪಟ ಎಂದು ಅಂತರ ಹೊಂದಿಸಿದವಳು ಅವಳೇ. ಕಾವಲಿಗೆ ಮೈದುನ.

ಜೋಡಿಸಿ ನೋಡಿದರೆ ಅರ್ಧಕ್ಕರ್ಧ ಪಟಗಳೇ ಇಲ್ಲ!

"ನಾನು ಮುಟ್ಟಿಲ್ಲ ಅತ್ತಿಗೆ. ಕ್ಯಾಮೆರಾನೇ ಒಂದು ಬಿಟ್ಟು ಒಂದು ಸಲ ಹೊಡೀತಿದೆ."

"ಹೌದಪ್ಪಾ, ಅದಕ್ಕೂ ಮಧ್ಯೆ ಮಧ್ಯೆ ನಿದ್ದೆ ಬರುತ್ತೆ!"

ಎದುರು ಸ್ಟುಡಿಯೋದವನ ಜೊತೆ ಇವನು ಹೆಗಲ ಮೇಲೆ ಕೈ ಹಾಕಿಕೊಂಡು ಚಹಾ ಕುಡಿಯುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಈ ಕೆಲಸಕ್ಕೆ ಆ ಮಹಾಶಯನೂ ಬಾಯಿ ಬಿಟ್ಟುಕೊಂಡು ಕಾದಿದ್ದವನೇ. ಪಟಗಳ ಕ್ರಮಸಂಖ್ಯೆ ಎಲ್ಲೂ ತಪ್ಪಿರಲಿಲ್ಲ. ಅಳಿಸಿದ್ದರೆ ನಡುವೆ ಸಂಖ್ಯೆ ಹಾರಬೇಕಿತ್ತು. ಬೇರೆಯವರಾದರೆ ಅಲ್ಲಿಗೇ ಸಮಾಧಾನ ಪಡುತ್ತಿದ್ದರು. ಇವಳು, "ಖದೀಮ, ಸಂಖ್ಯೆನೂ ತಿದ್ದಿದ್ದಾನೆ" ಎಂದು ಹಲ್ಲು ಕಡಿದಳು.

ಮರುದಿನ ಮತ್ತೆ ತೆಗೆಯಲು ಅವನನ್ನೇ ಕಳಿಸಿದಳು. ಅವನು ಅತ್ತ ಹೋದದ್ದೇ ತಡ, ಇತ್ತ ಸ್ಟುಡಿಯೋದ ಬೀಗ ಬದಲಾಯಿಸಿದಳು. ಇವತ್ತು ಸಿಕ್ಕಿಬಿದ್ದರೆ ಮುಗಿಯಿತು, ಇನ್ನು ಅವನು ಈ ಹೊಸ್ತಿಲು ತುಳಿಯಕೂಡದು. ಹೊಸ ಕೀಲಿಗಳನ್ನು ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ತಾರಸಿಯ ಮೆಟ್ಟಿಲು ಹತ್ತಿ, ಬಾಗಿಲ ಸಂದಿಯಿಂದ ಇಣುಕಿದಳು.

ಮೈದುನ ಕ್ಯಾಮೆರಾಗೆ ಕೊಡೆ ಹಿಡಿದು, ತಾನು ಬಿಸಿಲಲ್ಲಿ ನಿಂತಿದ್ದ. ಇನ್ನೊಂದು ಕೈ ಜೇಬಿನಲ್ಲಿತ್ತು. ಕ್ಯಾಮೆರಾ ಕ್ಲಿಕ್ಕೆಂದಿತು; ಆಮೇಲೆ ಕೆಂಪು ದೀಪ ಹತ್ತಿತು. ಮುಂದಿನ ಸರದಿ ಬಂದರೂ ದೀಪ ಆರಲಿಲ್ಲ, ಕ್ಲಿಕ್ ಆಗಲಿಲ್ಲ. ಅದರ ಮುಂದಿನದಕ್ಕೆ ಕ್ಲಿಕ್.

ಅವಳಿಗೆ ತಟ್ಟನೆ ಹೊಳೆಯಿತು. ಪಟದಲ್ಲಿ ಚುಕ್ಕೆಗಳು ಬರುತ್ತಿವೆಯೆಂದು ಕ್ಯಾಮೆರಾದ ಚುಕ್ಕೆ ಅಳಿಸುವ ಸೌಲಭ್ಯವನ್ನು ಕಳೆದ ವಾರ ಆನ್ ಮಾಡಿದ್ದವಳು ಅವಳೇ. ಅದು ಆನ್ ಇದ್ದರೆ ಎಂಟು ಸೆಕೆಂಡಿನ ಪಟವಾದ ಮೇಲೆ ಕ್ಯಾಮೆರಾ ಕಣ್ಣು ಮುಚ್ಚಿ, ಇನ್ನೆಂಟು ಸೆಕೆಂಡು ಬರೀ ಕತ್ತಲನ್ನು ತೆಗೆದು, ಚುಕ್ಕೆ ಹುಡುಕಿ ಒರೆಸುತ್ತದೆ. ಹದಿನಾರು ಸೆಕೆಂಡಿನ ಕೆಲಸಕ್ಕೆ ಅವಳು ಕೊಟ್ಟಿದ್ದು ಹತ್ತು. ಪಟ ಕದ್ದ ಕಳ್ಳಿ ತಾನೇ!

"ಬನ್ನಿ ಅತ್ತಿಗೆ, ನೆರಳು ಕಾಣಿಸ್ತಿದೆ," ಅವನು ತಿರುಗದೆಯೇ ಅಂದ.

ಅವಳು ಬಂದು ಆ ಸೌಲಭ್ಯ ಆಫ್ ಮಾಡಿದಳು. ಪಟಗಳು ಒಂದೂ ತಪ್ಪದೆ ಬಿದ್ದವು. 'ತಪ್ಪಾಯ್ತು' ಎಂಬ ಮಾತು ಮಾತ್ರ ನಾಲಿಗೆ ತುದಿಗೆ ಬಂದು ಬಂದು ವಾಪಸಾಯಿತು. ನಾಚಿಕೆಯಿಂದ ಹಿಡಿಯಾಗಿದ್ದಳು. "ನೀರು ಕುಡಿದ್ಯೇನೋ?" ಎಂದಷ್ಟೇ ಕೇಳಿದಳು.

ಸಂಜೆ ಅವನು ಟ್ರೈಪಾಡ್ ಹೊತ್ತು ಮುಂದೆ ನಡೆದ. ಖುಷಿಯಲ್ಲಿ ಸಿಳ್ಳೆ ಬೇರೆ. ಸ್ಟುಡಿಯೋ ಬಾಗಿಲಲ್ಲಿ ತನ್ನ ಕೀಲಿಯನ್ನು ಬೀಗಕ್ಕೆ ತೂರಿಸಿದ. ತಿರುಗಲಿಲ್ಲ. ಮತ್ತೆ ತಿರುಗಿಸಿದ. ಅವಳಿಗೆ ಆಗ ನೆನಪಾಯಿತು.

ಫಳಫಳ ಹೊಳೆಯುವ ಬೀಗ ನೋಡಿದ, ಅವಳ ಮುಖ ನೋಡಿದ.

"ಇದೂ ಒಂದು ಬಿಟ್ಟು ಒಂದು ಸಲ ತೆಗೆಯುತ್ತೇನೋ ಅತ್ತಿಗೆ," ಎಂದು ನಗಲು ಹೋದ. ಆಗಲಿಲ್ಲ. ಅಣ್ಣ ಕೊಟ್ಟಿದ್ದ ಹಳೆಯ ಕೀಲಿಯನ್ನು ಗೊಂಚಲಿನಿಂದ ಬಿಡಿಸಿ ಅವಳ ಅಂಗೈಯಲ್ಲಿಟ್ಟ. ಟ್ರೈಪಾಡನ್ನು ಗೋಡೆಗೆ ಒರಗಿಸಿದ. ಬೀಗದ ಜೊತೆ ಬಂದಿದ್ದ ಎರಡನೇ ಕೀಲಿಗಾಗಿ ಅವಳು ಚೀಲ ತಡಕಾಡುವಷ್ಟರಲ್ಲಿ ಅವನು ಬೀದಿಯ ತಿರುವು ದಾಟಿದ್ದ.