ಹನ್ನೊಂದನೆಯ ಫೋಟೋ

ನನ್ನ ಬಾಯಿ ಸ್ವಲ್ಪ ಜೋರು. ಎಪ್ಪತ್ತೆರಡರ ಬರಗಾಲದಲ್ಲಿ ಔರಾದ ತಾಲೂಕಿನ ಎಕಂಬಾದ ಮಚ್ಛೇಂದ್ರ ನೀರಿಗೆ ಬಿದ್ದ ಕ್ಯಾಮೆರಾ ತಂದು ನನ್ನ ಬೀದರಿನ ರಿಪೇರಿ ಅಂಗಡಿಯ ಮೇಜಿನ ಮೇಲಿಟ್ಟಾಗ ನಾನು ಮೊದಲು ಆಡಿದ್ದು ತಮಾಷೆಯ ಮಾತು.

"ಇಡೀ ಜಿಲ್ಲಾಕ್ಕ ನೀರಿಲ್ಲ, ನಿನ್ನ ಕ್ಯಾಮೆರಾಕ್ಕ ಎಲ್ಲಿ ಸಿಕ್ತಪಾ?"

ಅವನು ನಗಲಿಲ್ಲ. ಶಾಲು ಎಂಬ ಅವನ ಎರಡು ವರ್ಷದ ಮಗಳು ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಔರಾದದಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದ.

"ಬರಗಾಲದ ಕಾಮಗಾರಿ ಬಾವ್ಯಾಗ ನೀರು ಬಿತ್ರಿ, ಯುನುಸ ಭಾಯಿ. ಸಾಹೇಬ್ರು ಫೋಟೋ ತೆಗಿ ಅಂದ್ರು. ಮಂದಿ ಕೊಡ ಹಿಡ್ಕೊಂಡು ಒಮ್ಮೆಲೆ ನುಗ್ಗಿದ್ರು. ಕೈ ತಪ್ಪಿತು."

"ಯಾವಾಗ?"

"ನಾಕು ದಿನ ಆಯ್ತ್ರಿ. ಒಣಗಲಿ ಅಂತ ಮಾಳಗಿ ಮ್ಯಾಲ ಬಿಸಲಾಗ ಇಟ್ಟಿದ್ದೆ."

ಹಣೆ ಚಚ್ಚಿಕೊಂಡೆ. ಒದ್ದೆಯಾದ ಫಿಲ್ಮನ್ನು ಒಣಗಲು ಬಿಡಬಾರದು, ತೊಳೆಯುವವರೆಗೆ ನೀರಿನಲ್ಲೇ ಇಡಬೇಕು. ಊರೂರು ತಿರುಗಿ ಫೋಟೋ ತೆಗೆದು, ತೊಳೆಯಲು ರೋಲನ್ನು ನನಗೆ ತಂದುಕೊಡುವ ಅವನಿಗೆ ಅದು ಹೇಗೆ ಗೊತ್ತಿರಬೇಕು? ನಮ್ಮ ಕಡೆ ಒದ್ದೆಯಾದದ್ದನ್ನೆಲ್ಲ ಬಿಸಿಲಿಗೇ ಹಾಕುವುದು.

"ರೋಲ್ ಒಳಗ ಅದ ಏನು?"

"ಅದರಾಗ ಸುಭದ್ರಾ ಇದ್ದಾಳ್ರಿ" ಎಂದ.

ಸುಭದ್ರಾಬಾಯಿ ಅವನ ಹೆಂಡತಿ. ಮೂರು ತಿಂಗಳ ಹಿಂದೆ ತವರಿನವರ ಜೊತೆ ಕಲ್ಲು ಒಡೆಯಲು ಪುಣೆಯ ಕಡೆ ಹೋದವಳು ಅಲ್ಲೇ ವಾಂತಿಭೇದಿಯಾಗಿ ತೀರಿಕೊಂಡಳು. ಇಲ್ಲಿಗೆ ಸುದ್ದಿ ಬರುವಷ್ಟರಲ್ಲಿ ಮಣ್ಣಾಗಿತ್ತು. ಆ ವರ್ಷ ದೇಶಾಂತರ ಹೋಗುವವರೆಲ್ಲ ಫೋಟೋ ತೆಗೆಸಿಕೊಂಡೇ ಹೋಗುತ್ತಿದ್ದರು. ಮಚ್ಛೇಂದ್ರ ತಾಲೂಕಿನ ಅರ್ಧ ಜನರ ಫೋಟೋ ತೆಗೆದಿದ್ದ, ಮನೆಯವಳದು ಮಾತ್ರ ಒಂದೂ ಇರಲಿಲ್ಲ. ಭಾಲ್ಕಿ ಸ್ಟೇಷನ್ನಿನಲ್ಲಿ ಗಾಡಿ ಬರುವ ಹೊತ್ತಿಗೆ ಅವಳೇ ಕೇಳಿ ತೆಗೆಸಿಕೊಂಡದ್ದು ಈ ರೋಲಿನ ಹನ್ನೊಂದನೆಯದು. ಆಮೇಲೆ ಊರಲ್ಲಿ ತೆಗೆಸಿಕೊಳ್ಳುವವರೇ ಉಳಿಯಲಿಲ್ಲ. ಹನ್ನೆರಡನೆಯದು ಬಾವಿಯದಾಗಬೇಕಿತ್ತು.

ಕತ್ತಲೆಕೋಣೆಗೆ ಒಯ್ದು ಬೆರಳಾಡಿಸಿ ನೋಡಿದೆ. ಸುರುಳಿ ಒಂದಕ್ಕೊಂದು ಅಂಟಿ, ರೋಲ್ ಸುತ್ತುವ ತುಕ್ಕು ಹಿಡಿದ ಚಾವಿಗೆ ಕಚ್ಚಿಕೊಂಡಿತ್ತು. ಸ್ಕ್ರೂಗಳೂ ಅಲುಗಲಿಲ್ಲ, ಎಣ್ಣೆ ಬಿಟ್ಟರೆ ಫಿಲ್ಮ್ ಉಳಿಯುತ್ತಿರಲಿಲ್ಲ. ಹೊರಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಎರಡರಾಗ ಒಂದು ಉಳೀತದ. ಫಿಲ್ಮ್ ಕಿತ್ತು ತೆಗದ್ರ ಕ್ಯಾಮೆರಾ ರಿಪೇರಿ ಮಾಡಿ ಕೊಡ್ತೇನಿ. ಫಿಲ್ಮ್ ಬೇಕಂದ್ರ ಕ್ಯಾಮೆರಾ ಪೂರಾ ನೀರಾಗ ನೆನಿಹಾಕಬೇಕು. ಆಮ್ಯಾಲ ಅದು ಗುಜರಿಗೇ. ನೀ ಹೊಸಾದು ತಗೋಬೇಕು."

"ಫಿಲ್ಮ್ ಖಾತ್ರಿ ಬರ್ತದೇನ್ರಿ?"

"ಖಾತ್ರಿ ಇಲ್ಲ. ಬಂದ್ರ ಬರಬಹುದು."

"ನೆನಿಹಾಕ್ರಿ."

"ಹೊಸಾದು ಎಲ್ಲಿಂದ ತರ್ತಿ?"

"ತರಂಗಿಲ್ರಿ. ನಾನೂ ಪುಣಾಕ ಹೋಗ್ತೇನಿ. ಕೂಸಿನ್ನ ಕರ್ಕೊಂಡೇ ಹೋಗ್ತೇನಿ."

ಹೊಸದಾಗಿ ಸಿಕ್ಕ ಕಾಮಗಾರಿಯ ಫೋಟೋ ಕೆಲಸವೊಂದೇ ಅವನನ್ನು ಊರಲ್ಲಿ ಹಿಡಿದಿಟ್ಟಿತ್ತು. ನಾಳೆ ಬರಿಗೈಲಿ ಹೋದರೆ ಸಾಹೇಬರು ಬೇರೆಯವನನ್ನು ಕರೆಸುತ್ತಿದ್ದರು. ನಾನೇ ಒಂದು ಕೊಡೋಣವೆಂದರೆ ಅಂಗಡಿಯಲ್ಲಿದ್ದವೆಲ್ಲ ಗಿರಾಕಿಗಳ ಕ್ಯಾಮೆರಾಗಳು. ನನಗೆ ಸಿಟ್ಟು ಬಂತು.

"ತಲಿ ಕೆಟ್ಟದೇನು? ತಾಯಿ ಸತ್ತ ಜಾಗಾಕ್ಕ ಕೂಸಿನ್ನ ಒಯ್ತಿ?"

"ಇಕಿಗಿ ತಾಯಿ ಮುಖ ಗೊತ್ತಿಲ್ರಿ ಯುನುಸ ಭಾಯಿ. ನನಗೂ ಮರೀಲಿಕ್ಕ ಹತ್ಯದ. ಕಣ್ಣು ಮುಚ್ಚಿದ್ರ ಸೀರಿ ಕಾಣ್ತದ, ಮುಖ ಕಾಣಂಗಿಲ್ಲ. ನೆನಿಹಾಕ್ರಿ, ಕೈ ಮುಗೀತೇನಿ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಬೋಗುಣಿಗೆ ನೀರು ತುಂಬಿದೆ. ಕ್ಯಾಮೆರಾ ಕೈಯಲ್ಲಿತ್ತು, ಇನ್ನು ಮುಳುಗಿಸಬೇಕು. ಹೊರಗೆ ಕೂಸು ಎದ್ದು ರೊಟ್ಟಿ ಬೇಡಿ ಅಳತೊಡಗಿತು. ಸತ್ತವಳ ಮುಖಕ್ಕಾಗಿ, ಬದುಕಿರುವ ಕೂಸನ್ನು ಕಲ್ಲಿನ ಖಣಿಗೆ ಒಯ್ಯುತ್ತಾನೆ ಈ ಹುಚ್ಚ ಎಂದುಕೊಂಡೆ. ಬೆರಳು ಹಾಕಿ ಫಿಲ್ಮನ್ನು ಜಗ್ಗಿದೆ. ಅದು ಹರಿಯುತ್ತಾ ಬಂತು. ಕತ್ತಲಲ್ಲಿ ಸದ್ದು ಮಾತ್ರ ಕೇಳಿತು.

ಮೂರು ತಾಸು ಕೂತು ಕ್ಯಾಮೆರಾ ರಿಪೇರಿ ಮಾಡಿದೆ. ಅವನು ಮೆಟ್ಟಿಲ ಮೇಲೆಯೇ ಕೂತಿದ್ದ.

"ಫಿಲ್ಮ್ ಮದಲೇ ಹೋಗಿತ್ತಪಾ" ಎಂದೆ. "ಬೆರಳು ಹಚ್ಚಿದ ಕೂಡ್ಲೆ ಪದರ ಪದರ ಎದ್ದು ಬಂತು. ಅದಕ್ಕ ನೆನಿಹಾಕಲಿಲ್ಲ. ಕ್ಯಾಮೆರಾರೆ ಉಳೀತು."

ಅವನು ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡ. ನನಗೆ ನಾಚಿಕೆಯಾಯಿತು. ನಿಜ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಮಚ್ಛೇಂದ್ರ ಪುಣೆಗೆ ಹೋಗಲಿಲ್ಲ. ಬರ ಮುಗಿಯಿತು, ಶಾಲು ಶಾಲೆಗೆ ಹೋಗತೊಡಗಿದಳು. ಅವನು ತರುವ ರೋಲುಗಳಲ್ಲಿ ವರ್ಷಕ್ಕೊಂದು ಫೋಟೋ ಅವಳದಿರುತ್ತದೆ, ಬರೀ ಮುಖದ್ದು. ಹೋದ ತಿಂಗಳು, ಅವಳಿಗೆ ಒಂಬತ್ತು ತುಂಬಿದಾಗಿನ ಫೋಟೋ ಕೈಗೆ ಕೊಡುತ್ತಾ, ಯಾವಾಗಲೂ ಮುಖವೇ ಯಾಕೆ ಎಂದು ಕೇಳಿದೆ.

"ದೊಡ್ಡಾಕಿ ಆದಂಗ ತಾಯಿ ಮುಖ ಬರಬಹುದು ಅಂತ್ರಿ" ಎಂದ. ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕಡೆ ತಿರುಗಿಸಿದ. "ಲಗ್ನ ಆದ ವರ್ಷ ಅಕಿನ್ನ ನಿಮ್ಮ ಅಂಗಡಿಗಿ ಕರ್ಕೊಂಡು ಬಂದಿದ್ದೆ. ನೀವು ನೋಡೀರಿ. ಹಂಗೇ ಬರ್ಲಿಕ್ಕ ಹತ್ಯದ ಏನ್ರಿ?"

ನನಗೆ ಅವಳ ಮುಖ ನೆನಪೇ ಇರಲಿಲ್ಲ. ಹೌದು ಎಂದೆ.